ಹುಳದ ಎಂಜಲು, ಅತ್ತೆಯ ಪಾದ

ನಾನು ಏನು ಕೆಲಸ ಮಾಡುತ್ತೇನೆ ಎಂದು ಕೇಳಿದವರಿಗೆಲ್ಲ ನನ್ನ ಅತ್ತೆ ಒಂದೇ ಉತ್ತರ ಕೊಡುತ್ತಿದ್ದರು: "ಹುಳದ ಎಂಜಲಲ್ಲಿ ಏನೋ ಜೀವ ಸಾಕ್ತಾಳಂತೆ." ಮನೆಗೆ ಬಂದ ನೆಂಟರು ನಗುತ್ತಿದ್ದರು. ಅಡುಗೆಮನೆಯಿಂದ ಕಾಫಿ ಲೋಟಗಳನ್ನು ಹಿಡಿದು ಬರುವಷ್ಟರಲ್ಲಿ ನನ್ನ ಮುಖ ಕೆಂಪಗಾಗಿರುತ್ತಿತ್ತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಇದು ತವರಿನವರಿಗೂ ಗೊತ್ತು, ಗಂಡನ ಮನೆಯವರಿಗೂ ಗೊತ್ತು. ಆದರೆ ಅತ್ತೆಯ ಮಾತಿನಲ್ಲಿ ತಪ್ಪು ಹುಡುಕಲು ಹೋದರೆ ಸಿಗುತ್ತಿರಲಿಲ್ಲ. ರೇಷ್ಮೆ ಎಂದರೆ ಹುಳ ಬಾಯಿಂದ ಬಿಡುವ ನೂಲು. ಆ ನೂಲನ್ನು ಕರಗಿಸಿ, ಮೆತ್ತಗಿನ ಜೆಲ್ ಮಾಡಿ, ಅದರೊಳಗೆ ಮನುಷ್ಯರ ಚರ್ಮದ ಜೀವಕೋಶಗಳನ್ನು ಬೆಳೆಸುವುದು ನನ್ನ ಕೆಲಸ. ಎಂಜಲಲ್ಲಿ ಜೀವ ಸಾಕುವುದು ಎಂದರೂ ಸರಿಯೇ.

ನಾನು ಸೊಸೆಯಾಗಿ ಬಂದದ್ದು ಚಾಮರಾಜಪೇಟೆಯ ಹಳೇ ಮನೆಗೆ. ರೇಷ್ಮೆ ನೂಲಿನ ವ್ಯಾಪಾರದ ಮನೆತನ. ಬಳೇಪೇಟೆಯ ಒಂದು ಸಂದಿಯಲ್ಲಿ ಮಾವನವರ ಕಾಲದ ಅಂಗಡಿ. ಮಾವ ತೀರಿಕೊಂಡ ಮೇಲೆ ಅತ್ತೆಯೇ ಗಲ್ಲಾದಲ್ಲಿ ಕೂತು ಅಂಗಡಿ ನಡೆಸಿ, ಮಗ ಬೆಳೆದ ಮೇಲೆ ಅವನಿಗೆ ಬಿಟ್ಟುಕೊಟ್ಟರು. ಆ ಮಗನೇ ನನ್ನ ಗಂಡ. ಅಂಗಡಿ ಬಿಟ್ಟರೂ ಅತ್ತೆಗೆ ನೂಲಿನ ನಂಟು ಬಿಡಲಿಲ್ಲ. ಹೊಸ ಮಾಲು ಬಂದರೆ ಒಂದು ಲಡಿ, ಎಂದರೆ ಸುತ್ತಿ ಕಟ್ಟಿದ ಒಂದು ನೂಲಿನ ಕಟ್ಟು, ಮನೆಗೆ ಬರಲೇಬೇಕು. ಅದನ್ನು ಎರಡೂ ಕೈಗೆ ಹಾಕಿಕೊಂಡು ಹಿಗ್ಗಿಸಿ, ಬೆರಳಲ್ಲಿ ತೀಡಿ ನೋಡಿ, ಮತ್ತೆ ಜಡೆಯ ಹಾಗೆ ತಿರುಚಿ ಗಂಟು ಹಾಕುತ್ತಿದ್ದರು. ಯಾರೂ ಬಿಚ್ಚೇ ಇಲ್ಲವೇನೋ ಎನ್ನುವ ಹಾಗೆ ಕಾಣುತ್ತಿತ್ತು ಆ ಗಂಟು. ನಾನು ಎಷ್ಟು ಪ್ರಯತ್ನಪಟ್ಟರೂ ನನ್ನ ಕೈಗೆ ಅದು ಬರಲಿಲ್ಲ. "ನಿಂದು ಮೂಟೆ ಕಟ್ಟೋ ಗಂಟು," ಎನ್ನುತ್ತಿದ್ದರು.

ಹುಳ ಸುತ್ತಿದ ನೂಲಿನ ಮೇಲೆ ಒಂದು ಅಂಟು ಇರುತ್ತದೆ. ಅಂಟು ಹಾಗೇ ಇದ್ದರೆ ಅದು ಕಚ್ಚಾ ರೇಷ್ಮೆ, ಮುಟ್ಟಿದರೆ ಒರಟು. ಸೋಡಾ ಹಾಕಿದ ನೀರಲ್ಲಿ ಕುದಿಸಿದರೆ ಅಂಟು ಬಿಟ್ಟುಹೋಗಿ ನೂಲು ಮೆತ್ತಗಾಗುತ್ತದೆ, ಹೊಳೆಯುತ್ತದೆ. ನಮ್ಮ ಲ್ಯಾಬಿನಲ್ಲೂ ಮೊದಲು ಮಾಡುವ ಕೆಲಸ ಅದೇ, ಏಕೆಂದರೆ ಅಂಟು ಉಳಿದ ನೂಲು ಮೈಯೊಳಗೆ ಹೋದರೆ ಕೆರಳಿಸಿ ಊತ ತರಬಹುದು. ಇದನ್ನು ಕೇಳಿ ಅತ್ತೆ ಮೂಗು ಮುರಿದಿದ್ದರು. "ಬೇಯಿಸಿದ್ಮೇಲೆ ಏನಿರುತ್ತೆ ಅದ್ರಲ್ಲಿ? ತೂಕಾನೂ ಹೋಯ್ತು, ಸತ್ವಾನೂ ಹೋಯ್ತು. ಬರೀ ಮಿರುಗು ಉಳೀತು ಅಷ್ಟೆ." ತೂಕಕ್ಕೆ ಮಾರುವವರ ಮಾತು ಎಂದುಕೊಂಡು ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಬೆಳಿಗ್ಗೆ ಸ್ನಾನ ಮಾಡಿ, ರೇಷ್ಮೆ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಕೊರಳಲ್ಲಿದ್ದ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಅತ್ತೆ ಪೂಜೆಗೆ ಕೂರುತ್ತಿದ್ದರು. ಆ ಸೀರೆಯನ್ನು ದಿನಾ ಒಗೆಯುತ್ತಿರಲಿಲ್ಲ. ಹತ್ತಿ ಬಟ್ಟೆಗೆ ಮೈಲಿಗೆ ತಟ್ಟುತ್ತದೆ, ರೇಷ್ಮೆಗೆ ತಟ್ಟುವುದಿಲ್ಲ ಎನ್ನುವುದು ಆ ಮನೆಯಲ್ಲಿ ಯಾರೂ ಪ್ರಶ್ನಿಸದ ವಿಷಯ. ಒಂದು ಸಲ ನಾನು ನಮ್ಮ ಲ್ಯಾಬಿನ ಕ್ರಮ ವಿವರಿಸಿದೆ. ಕೈಗವಸು ಹಾಕಿಕೊಳ್ಳಬೇಕು, ಎಲ್ಲವನ್ನೂ ಸ್ಪಿರಿಟ್ಟಿನಲ್ಲಿ ಒರೆಸಬೇಕು, ಶುದ್ಧ ಗಾಳಿ ಬೀಸುವ ಗಾಜಿನ ಗೂಡಿನೊಳಗೆ ಕೈ ಇಟ್ಟ ಮೇಲೆ ಮೂಗು ಕೆರೆದುಕೊಳ್ಳುವಂತಿಲ್ಲ ಎಂದೆ. ಅತ್ತೆ ಗಂಭೀರವಾಗಿ ತಲೆಯಾಡಿಸಿದರು.

"ನಿಮ್ದೂ ಮಡೀನೇ ಅನ್ನು."

"ಮಡಿ ಅಲ್ಲ ಅತ್ತೆ, ಕ್ರಿಮಿ ಸೇರಬಾರ್ದು ಅಂತ."

"ಅದನ್ನೇ ಕಣಮ್ಮ ನಾನೂ ಹೇಳಿದ್ದು."

ನಾನು ನಕ್ಕುಬಿಟ್ಟೆ. ನಮ್ಮಿಬ್ಬರ ಮಾತು ಯಾವಾಗಲೂ ಹೀಗೇ ಮುಗಿಯುತ್ತಿತ್ತು, ಅವರು ಗೆದ್ದ ಹಾಗೆ.

ಒಂದು ಚಳಿಗಾಲದ ಭಾನುವಾರ ನಡುಮನೆಯಲ್ಲಿ ಇಬ್ಬರೂ ಅವರೆಕಾಳು ಹಿಚುಕುತ್ತಾ ಕೂತಿದ್ದೆವು. ನೆನೆಸಿದ ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಚಂಗನೆ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಕೈ ತಾನಾಗಿ ಕೆಲಸ ಮಾಡುತ್ತಿರುವಾಗ ಬಾಯಿಗೆ ಬಿಡುವು. ಅತ್ತೆ ಇದ್ದಕ್ಕಿದ್ದಂತೆ ಕೇಳಿದರು. "ಜೀವಕೋಶ ಅಂದ್ರೆ ಏನು ಅಂತ ತಿಳೀತು. ಅವು ಪ್ಲಾಸ್ಟಿಕ್ ತಟ್ಟೇಲೇ ಬೆಳೀತಾವೆ ಅಂದ್ಯಲ್ಲ, ಮತ್ತೆ ರೇಷ್ಮೆ ಯಾಕೆ ಹಾಳ್ಮಾಡ್ತೀರಾ?"

ತಟ್ಟೆಯಲ್ಲಿ ಬೆಳೆಯುವುದೇನೋ ನಿಜ, ಆದರೆ ಅಲ್ಲಿ ಕೋಶ ಚಪ್ಪಟೆಯಾಗಿ ಹರಡಿಕೊಂಡು ಬಿದ್ದಿರುತ್ತದೆ ಎಂದೆ. ಮೈಯೊಳಗೆ ಹಾಗಿರುವುದಿಲ್ಲ. ಅಲ್ಲಿ ಅದರ ಮೇಲೆ, ಕೆಳಗೆ, ಸುತ್ತಲೂ ಏನಾದರೊಂದು ಇದ್ದೇ ಇರುತ್ತದೆ. ಕೋಶದ ಮೈಮೇಲೆ ಹಿಡಿಕೆಗಳಂಥ ಸಣ್ಣ ಸಣ್ಣ ಪ್ರೋಟೀನುಗಳಿವೆ. ಅವುಗಳಿಂದ ಅದು ಸುತ್ತಲಿನದ್ದನ್ನು ಹಿಡಿದು ಎಳೆದು ನೋಡುತ್ತದೆ. ಗಟ್ಟಿಯೋ, ಮೆತ್ತಗೋ, ಹಿಡಿತಕ್ಕೆ ಸಿಗುತ್ತದೋ, ಜಾರುತ್ತದೋ. ಹಾಗೆ ಎಳೆದಾಗ ಒಳಗೆ ಒಂದರಿಂದ ಇನ್ನೊಂದಕ್ಕೆ ಸುದ್ದಿ ದಾಟುತ್ತಾ ಹೋಗಿ, ಕೊನೆಗೆ ಬೆಳೆಯಬೇಕೋ ನಿಲ್ಲಬೇಕೋ ಸಾಯಬೇಕೋ ಜಾಗ ಬಿಟ್ಟು ನಡೆಯಬೇಕೋ ಎಂದು ತೀರ್ಮಾನವಾಗುತ್ತದೆ. ಅದೇ ಕೋಶ, ಅದೇ ಆಹಾರ, ಅದೇ ಬಿಸಿ. ಆದರೂ ಸುತ್ತಲಿನ ವಸ್ತು ಬದಲಾದರೆ ಒಳಗಿನ ಸುದ್ದಿ ಬದಲಾಗುತ್ತದೆ. ರೇಷ್ಮೆಯ ಜೆಲ್ಲನ್ನು ನಮಗೆ ಬೇಕಾದಷ್ಟು ಗಟ್ಟಿ, ಬೇಕಾದಷ್ಟು ಮೆತ್ತಗೆ ಹದ ಮಾಡಿಕೊಳ್ಳಬಹುದು, ಅದಕ್ಕೇ ರೇಷ್ಮೆ ಎಂದೆ.

ಅತ್ತೆ ಹಿಚುಕುವುದನ್ನು ನಿಲ್ಲಿಸದೆ ಯೋಚಿಸಿದರು. "ಅಂದ್ರೆ, ಬರೀ ನೆಲದ ಮೇಲೆ ಮಲಗಿದೋರಿಗೂ ಹಾಸಿಗೆ ಮೇಲೆ ಮಲಗಿದೋರಿಗೂ ಬೇರೆ ಬೇರೆ ನಿದ್ದೆ ಬರುತ್ತೆ ಅಂತೀಯ."

"ಸುಮಾರಾಗಿ ಹಾಗೇ ಅತ್ತೆ."

"ಇಷ್ಟು ಹೇಳೋಕೆ ಅಷ್ಟೊಂದು ಓದ್ಬೇಕಾಗಿತ್ತಾ?"

ನಾನು ಸಿಪ್ಪೆಯೊಂದನ್ನು ಅವರ ಮಡಿಲಿಗೆ ಎಸೆದೆ. ಅವರು ಅದನ್ನು ತೆಗೆದು ಸಿಪ್ಪೆಯ ಗುಡ್ಡೆಗೆ ಹಾಕಿ ಮತ್ತೆ ಕೆಲಸ ಮುಂದುವರಿಸಿದರು. ಕೇಳಿ ಅಲ್ಲೇ ಮರೆತರು ಎಂದುಕೊಂಡೆ.

ಸೋಮವಾರ ಬಂತೆಂದರೆ ಅತ್ತೆ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಗೆ ನಡೆದೇ ಹೋಗುತ್ತಿದ್ದರು. ಆಟೋ ಮಾಡಿಕೊಂಡು ಹೋಗಿ ಎಂದರೆ ಕೇಳುವ ಪೈಕಿಯಲ್ಲ. ಆ ನಡಿಗೆಯೇ ಅವರ ಪೂಜೆ, ಅವರ ವಾರದ ಹರಟೆ, ಅವರ ಸ್ವಾತಂತ್ರ್ಯ. ದಾರಿಯಲ್ಲಿ ಹೂವಿನವಳ ಹತ್ತಿರ ಒಂದು ಮಾತು, ಗಾಂಧಿಬಜಾರಿನಲ್ಲಿ ಒಂದು ಸುತ್ತು, ಬರುವಾಗ ಚೀಲದಲ್ಲಿ ಏನಾದರೂ ತರಕಾರಿ. ಬೇಸಿಗೆಯ ಒಂದು ಸೋಮವಾರ ಮನೆಯಿಂದ ಹೊರಡುವುದೇ ತಡವಾಯಿತು. ಕಾದ ಕಲ್ಲುಹಾಸಿನ ಮೇಲೆ ಜನ ಕಾಲೆತ್ತಿ ಓಡುತ್ತಿದ್ದರೆ ಅತ್ತೆ ಬರಿಗಾಲಲ್ಲಿ ನಿಧಾನವಾಗಿ ಪ್ರದಕ್ಷಿಣೆ ಹಾಕಿದರಂತೆ. ನೋಡಿದವರು ಎಂಥಾ ಭಕ್ತಿ ಎಂದರಂತೆ. ಭಕ್ತಿಯೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಶುಗರ್ ಬಂದು ವರ್ಷಗಳಾಗಿ ಅವರ ಅಂಗಾಲಿನ ಸ್ಪರ್ಶವೇ ಹೋಗಿತ್ತು.

ನಮ್ಮ ಮನೆಯದು ಹಳೇ ಕೆಂಪು ಸಿಮೆಂಟಿನ ನೆಲ. ಅದರ ಮೇಲೆ ರಕ್ತದ ಗುರುತು ಕಾಣುವುದಿಲ್ಲ. ಬಚ್ಚಲಿನ ಬಿಳಿ ಟೈಲ್ಸಿನ ಮೇಲೆ ಕಂದು ಹೆಜ್ಜೆಯೊಂದನ್ನು ನೋಡಿ ಅತ್ತೆಯನ್ನು ಕರೆದೆ. ಕೂರಿಸಿ ಪಾದ ಎತ್ತಿ ನೋಡಿದರೆ ಬಲಗಾಲಿನ ಹೆಬ್ಬೆರಳ ಕೆಳಗೆ ಬೊಬ್ಬೆ ಒಡೆದು ಗಾಯವಾಗಿದೆ. ಅತ್ತೆ ಬಗ್ಗಿ, ಬೇರೆ ಯಾರದೋ ಕಾಲನ್ನು ನೋಡುವ ಹಾಗೆ ನೋಡಿದರು. "ನೋವೇ ಇಲ್ವಲ್ಲ," ಎಂದರು.

ಬಸವನಗುಡಿಯಲ್ಲಿ ಶುಗರ್ ಇರುವವರ ಕಾಲನ್ನೇ ನೋಡುವ ಡಾಕ್ಟರೊಬ್ಬರಿದ್ದರು. ಅವರು ಗಾಯ ತೊಳೆದು ಪಟ್ಟಿ ಕಟ್ಟಿ, ಆ ಕಾಲಿನ ಮೇಲೆ ಭಾರ ಹಾಕಬಾರದು, ಒಂದು ದಿನ ಬಿಟ್ಟು ಒಂದು ದಿನ ಬಂದು ಪಟ್ಟಿ ಬದಲಾಯಿಸಿಕೊಳ್ಳಬೇಕು, ಮನೆಯಲ್ಲಿ ಬಿಚ್ಚಲೇಬಾರದು ಎಂದರು. ಹೊರಡುವಾಗ ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದರು. "ನೋಡಿ, ಇದು ಮೂಳೆಗೆ ಇಳೀದ ಹಾಗೆ ನೋಡ್ಕೋಬೇಕು. ಇಳಿದ್ರೆ ಕಾಲು ಉಳಿಸೋದು ಕಷ್ಟ."

ಅವತ್ತಿನಿಂದ ನಮ್ಮ ಮನೆಯಲ್ಲಿ ಬೇರೆ ವಿಷಯವೇ ಇರಲಿಲ್ಲ. ಬೆಳಿಗ್ಗೆ ಆಟೋದಲ್ಲಿ ಅತ್ತೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಮನೆಗೆ ಬಿಟ್ಟು, ಮಾರ್ಕೆಟ್ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿ, ಸಂಪಿಗೆ ರಸ್ತೆಯಲ್ಲಿ ಇಳಿದು ಲ್ಯಾಬಿಗೆ ಓಡುತ್ತಿದ್ದೆ. ಅಲ್ಲಿ ನನ್ನ ಮುಂದೆ ಇದ್ದ ಪ್ರಶ್ನೆ ಏನು? ಗಾಯ ಮುಚ್ಚಲು ಅದರ ಅಂಚಿನ ಕೋಶಗಳು ಜಾಗ ಬಿಟ್ಟು ಮುಂದೆ ನಡೆದು ಬರಬೇಕು. ಶುಗರ್ ಇರುವವರಲ್ಲಿ ಅವು ಹೊರಡುವುದೇ ಇಲ್ಲ. ಸುತ್ತಲಿನ ಹದ ಬದಲಿಸಿದರೆ ಹೊರಟಾವೇ? ಮನೆಯಲ್ಲಿ ಆ ಗಾಯ, ಲ್ಯಾಬಿನಲ್ಲಿ ಈ ಪ್ರಶ್ನೆ. ಎರಡರ ನಡುವೆ ನಾನು ಮೆಟ್ರೋದಲ್ಲಿ ನಿಂತಿರುತ್ತಿದ್ದೆ.

ಅತ್ತೆ ಒಮ್ಮೆ ನೇರವಾಗಿಯೇ ಕೇಳಿದರು. ಪಟ್ಟಿ ಕಟ್ಟಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಬಿಲ್ವಪತ್ರೆ ಬಿಡಿಸುತ್ತಿದ್ದರು. "ನಿನ್ನ ಎಂಜಲನ್ನ ನನ್ ಕಾಲಿಗೆ ಹಾಕಲ್ವಾ?"

"ಅದು ಮನುಷ್ಯರಿಗೆ ಹಾಕೋದಲ್ಲ ಅತ್ತೆ. ಅದಕ್ಕಿನ್ನೂ ಎಷ್ಟೋ ಪರೀಕ್ಷೆ ಆಗ್ಬೇಕು, ಅಪ್ಪಣೆ ಸಿಗ್ಬೇಕು. ತಟ್ಟೇಲಿರೋ ಕೋಶಕ್ಕೆ ಒಳ್ಳೇದಾಗಿದ್ದು ಕಾಲಿಗೆ ಒಳ್ಳೇದಾಗುತ್ತೆ ಅಂತ ಯಾರೂ ಹೇಳೋಕಾಗಲ್ಲ."

"ಹೂಂ. ಊರಿಗೆಲ್ಲ ಆಯ್ತು, ಮನೆಗೆ ಇಲ್ಲ."

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ, ಅವರ ಮುಖದಲ್ಲಿ ನಗುವೂ ಇತ್ತು. ಅದೇ ವಾರ ಲ್ಯಾಬಿನಲ್ಲಿ ಒಂದು ಒಳ್ಳೆಯ ದಿನ ಬಂತು. ಪ್ಲಾಸ್ಟಿಕ್ಕಿನ ಮೇಲೆ ಅಂಟಿಕೊಂಡು ಅಲ್ಲಾಡದೆ ಕೂತಿದ್ದ ಕೋಶಗಳು ಮೆತ್ತಗಿನ ರೇಷ್ಮೆ ಜೆಲ್ಲಿನೊಳಗೆ ಕೈಚಾಚಿ, ಮೈ ಎಳೆದುಕೊಂಡು, ಮುಂದಕ್ಕೆ ಸರಿದಿದ್ದವು. ಮನೆಗೆ ಬಂದವಳೇ ಗಂಡನಿಗೆ ಹೇಳಿದೆ, "ರೀ, ರೇಷ್ಮೇಲಿ ಅವು ನಡೀತಾವೆ ರೀ." ಅವರು ಅಂಗಡಿಯ ಫೋನಿನಲ್ಲಿದ್ದವರು ತಲೆಯಾಡಿಸಿದರು. ಅತ್ತೆ ತಮ್ಮ ಮೂಲೆಯಲ್ಲಿ ಕೂತಿದ್ದರು. ಹೊಸ ಲಡಿಯೊಂದನ್ನು ಬೆರಳಲ್ಲಿ ತೀಡಿ ನೋಡುತ್ತಿದ್ದರು.

ಆ ಮೇಲೆ ಕೆಲವು ದಿನ ಗಾಯ ಚೆನ್ನಾಗಿಯೇ ಇತ್ತು. ಅಂಚಿನಲ್ಲಿ ಎಳೆ ಗುಲಾಬಿ ಬಣ್ಣ ಬಂದಿತ್ತು. ಡಾಕ್ಟರೂ ಖುಷಿಯಾಗಿ ಪಟ್ಟಿ ಬದಲಾಯಿಸುವುದು ಇನ್ನು ವಾರಕ್ಕೊಂದು ಸಲ ಸಾಕು ಎಂದರು. ಅಂಥ ಒಂದು ವಾರದ ಕೊನೆಯಲ್ಲಿ ಅತ್ತೆಗೆ ಚಳಿಜ್ವರ ಬಂತು. ಹಣೆ ಮುಟ್ಟಿದರೆ ಸುಡುತ್ತಿತ್ತು. ಅವರ ಮಂಚದ ಹತ್ತಿರ ಬಗ್ಗಿದಾಗ ಒಂದು ವಾಸನೆ ಬಂತು. ಲ್ಯಾಬಿನಲ್ಲಿ ಕೊಳೆತ ತಟ್ಟೆ ಎತ್ತಿ ಎಸೆದವಳಿಗೆ ಆ ವಾಸನೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ಗಂಡ ಅವರನ್ನು ಎತ್ತಿಕೊಂಡೇ ಕಾರಿಗೆ ಕೂರಿಸಿದರು.

ಡಾಕ್ಟರು ಪಟ್ಟಿ ಬಿಚ್ಚಿದರು. ಹೊರಗಿನಿಂದ ನೋಡಿದರೆ ಅವರು ಕಟ್ಟಿದ ಹಾಗೇ ಅಚ್ಚುಕಟ್ಟಾಗಿತ್ತು. ಬಿಚ್ಚುತ್ತಾ ಹೋದ ಹಾಗೆ ಕೊನೆಯ ಸುತ್ತಿನ ಕೆಳಗೆ ಹಳದಿ ಬಣ್ಣದ್ದೇನೋ ಕಂಡಿತು. ಕೀವು ಎಂದುಕೊಂಡೆ. ಅವರು ಚಿಮಟ ಹಾಕಿ ಎಳೆದರು, ಅದು ಎಳೆ ಎಳೆಯಾಗಿ ಬಂತು. ನೂಲು. ವಿಭೂತಿ ಮೆತ್ತಿಕೊಂಡ, ಒದ್ದೆಯಾದ, ಹಳದಿ ನೂಲು. ನಮ್ಮ ಮೈಸೂರು ಹುಳದ ಗೂಡಿನ ಕಚ್ಚಾ ರೇಷ್ಮೆ, ಅಂಟು ತೆಗೆಯದೇ ಇದ್ದದ್ದು. ಗಾಯದ ಒಳಗೆ ಅದನ್ನು ಮೆತ್ತೆಯ ಹಾಗೆ ಸುತ್ತಿ ಇಡಲಾಗಿತ್ತು.

"ಏನ್ರೀ ಇದು?" ಎಂದರು ಡಾಕ್ಟರು ನನ್ನ ಕಡೆ ತಿರುಗಿ. "ನೀವು ಓದಿದೋರು. ಮನೇಲಿ ಹೀಗೆಲ್ಲ ಮಾಡೋಕೆ ಬಿಡ್ತೀರಾ?"

ನನಗೆ ಗೊತ್ತಿರಲಿಲ್ಲ ಎಂದೆ. ಗಂಡ ಗೋಡೆಗೆ ಒರಗಿ ನಿಂತುಬಿಟ್ಟರು.

ದೊಡ್ಡ ಆಸ್ಪತ್ರೆಗೆ ಸೇರಿಸಲು ಹೋಗುವಾಗ ಕಾರಿನಲ್ಲಿ ನನ್ನ ಕೋಪ ಕಟ್ಟೆಯೊಡೆಯಿತು. ಜ್ವರದಲ್ಲಿ ನಡುಗುತ್ತಿರುವ ಮುದುಕಿ ಎನ್ನುವುದನ್ನೂ ನೋಡದೆ ಬಾಯಿಗೆ ಬಂದದ್ದು ಅಂದೆ. ಯಾರು ಹೇಳಿಕೊಟ್ಟರು ನಿಮಗೆ, ಯಾವ ಪಕ್ಕದ ಮನೆಯವರು, ಯಾವ ನಾಟಿ ವೈದ್ಯ, ಹೆಸರು ಹೇಳಿ, ಅವರ ಮನೆ ಮುಂದೆ ಹೋಗಿ ನಿಲ್ಲುತ್ತೇನೆ ಎಂದೆ. ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು.

"ನೀನೇ ಹೇಳಿದ್ದು ತಾನೇ," ಎಂದರು. "ರೇಷ್ಮೇಲಿ ಅವು ನಡೀತಾವೆ ಅಂತ."

ಕಣ್ಣು ಮುಚ್ಚಿಕೊಂಡೇ ಮುಂದುವರಿಸಿದರು. "ನೀವು ಬೇಯಿಸಿ ಹಾಕ್ತೀರಾ, ಸತ್ವ ಹೋಗಿರುತ್ತೆ. ಅದಕ್ಕೇ ತಡ ಆಗ್ತಿರೋದು ಅಂತ ನಾನು ಹಸೀದೇ ಹಾಕ್ದೆ. ಮಡೀಲೇ ಹಾಕಿದ್ದು ಕಣಮ್ಮ. ಸ್ನಾನ ಮಾಡಿ, ಪೂಜೆ ಮುಗಿಸ್ಕೊಂಡು."

ಆ ವಾರವೆಲ್ಲ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಇರುತ್ತಿದ್ದೆ, ಅವರು ದೇವರ ಕೋಣೆಯಲ್ಲಿ. ಅಲ್ಲೇ ಪಟ್ಟಿ ಬಿಚ್ಚಿ, ಲಡಿಯಿಂದ ನೂಲು ತೆಗೆದು ಗಾಯದಲ್ಲಿಟ್ಟು, ಲಿಂಗಪೂಜೆಯ ವಿಭೂತಿ ಹಾಕಿ, ಪಟ್ಟಿಯನ್ನು ಮೊದಲಿದ್ದ ಹಾಗೇ ಕಟ್ಟಿಬಿಡುತ್ತಿದ್ದರು. ಜೀವಮಾನವಿಡೀ ಲಡಿ ಬಿಚ್ಚಿ ಕಟ್ಟಿದ ಕೈ. ಡಾಕ್ಟರಿಗೂ ಗೊತ್ತಾಗದ ಹಾಗೆ ಕಟ್ಟಿದ್ದರು.

ಹತ್ತು ಜನರ ಮುಂದೆ ನನ್ನ ಕೆಲಸವನ್ನು ಆಡಿಕೊಂಡ ಹೆಂಗಸು. ಲ್ಯಾಬಿನಲ್ಲಿ ನನ್ನ ಮಾತನ್ನು ನಂಬಬೇಕಾದರೆ ನಾನು ಒಂದೇ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿ ತೋರಿಸಬೇಕು. ಆಗಲೂ ಎದುರಿಗೆ ಕೂತವರು ಹುಬ್ಬೇರಿಸುತ್ತಾರೆ. ಈ ಹೆಂಗಸು ನಾನು ಗಂಡನಿಗೆ ಹೇಳಿದ ಒಂದು ಮಾತನ್ನು ಮೂಲೆಯಲ್ಲಿ ಕೂತು ಕೇಳಿಸಿಕೊಂಡು ಅದನ್ನು ನಂಬಿ ತಮ್ಮ ಕಾಲನ್ನೇ ಪಣಕ್ಕಿಟ್ಟಿದ್ದರು. ನನಗೆ ಅಳು ಬಂತು. ಕಿಟಕಿಯ ಕಡೆ ತಿರುಗಿ ಅತ್ತುಬಿಟ್ಟೆ.

ಸೋಂಕು ಮೂಳೆಗೆ ಇಳಿದಿತ್ತು. ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರನ್ನು ನಾನು ಕೇಳಿದೆ, ಆ ನೂಲು ಇಡದೇ ಇದ್ದಿದ್ದರೆ ಕಾಲು ಉಳಿಯುತ್ತಿತ್ತೇ ಎಂದು. ಉಳಿಯುತ್ತಿತ್ತೋ ಏನೋ, ಇಲ್ಲದೆಯೂ ಹೀಗಾಗುವುದನ್ನು ನೋಡಿದ್ದೇನೆ, ರಕ್ತ ಓಡಾಟವೇ ಸರಿಯಿಲ್ಲ ಎಂದರು. ನನಗೆ ಹೌದು ಅಥವಾ ಇಲ್ಲ ಬೇಕಿತ್ತು. ಎರಡೂ ಸಿಗಲಿಲ್ಲ, ಇವತ್ತಿಗೂ ಸಿಕ್ಕಿಲ್ಲ. ಮೊಣಕಾಲಿನ ಕೆಳಗೆ ತೆಗೆಯಬೇಕೆಂದು ತೀರ್ಮಾನವಾಯಿತು.

ಅತ್ತೆ ಅಳಲಿಲ್ಲ. ಮಗನನ್ನು ಹತ್ತಿರ ಕರೆದು ಒಂದೇ ಪ್ರಶ್ನೆ ಕೇಳಿದರು. "ತೆಗೆದ ಕಾಲನ್ನ ಏನ್ ಮಾಡ್ತಾರೆ?"

ನನ್ನ ಗಂಡ ನನ್ನ ಮುಖ ನೋಡಿದರು. ಆಸ್ಪತ್ರೆಯವರು ಸುಡುತ್ತಾರೆ ಎಂದು ನಾನೇ ಹೇಳಿದೆ.

"ಸುಡಬಾರ್ದು," ಎಂದರು ಅತ್ತೆ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. "ನಾಳೆ ನಾನು ಹೋದಾಗ ಒಂದು ಕಾಲು ಬೂದಿ, ಒಂದು ಕಾಲು ಮಣ್ಣು ಆಗ್ಬೇಕಾ? ಕೇಳಿ ಇಸ್ಕೊಳಪ್ಪ. ನಿಮ್ಮಪ್ಪನ್ನ ಇಟ್ಟ ಜಾಗದ ಹತ್ರ ಇಡು." ಆಮೇಲೆ ನನ್ನ ಕಡೆ ತಿರುಗಿದರು. "ಅದ್ರಲ್ಲಿ ಒಂದು ಚೂರು ನೀನು ತಗೋ."

"ನಾನೇನ್ ಮಾಡ್ಲಿ ಅತ್ತೆ?"

"ನೀನು ಮಾಡೋದೇ ಮಾಡು. ನಂಗೆ ಸರಿಯಾಗಿ ಮಾಡೋಕೆ ಬರ್ಲಿಲ್ಲ. ನಿಂಗೆ ಬರುತ್ತಲ್ಲ."

ಅದು ಹಾಗೆಲ್ಲ ಸುಲಭವಾಗಿ ಆಗುವ ಕೆಲಸವಲ್ಲ. ಹೀಗೆ ತೆಗೆದ ಕಾಲುಗಳ ಚರ್ಮದ ಚೂರುಗಳನ್ನು ರೋಗಿಯ ಒಪ್ಪಿಗೆ ಪಡೆದು ನಮ್ಮ ಲ್ಯಾಬಿಗೆ ಕೊಡುವ ವ್ಯವಸ್ಥೆ ಆ ಆಸ್ಪತ್ರೆಯ ಜೊತೆ ಮೊದಲೇ ಇತ್ತು, ಆದರೆ ಮನೆಯವಳಾದ ನಾನು ಅದರಲ್ಲಿ ಕೈ ಹಾಕುವಂತಿಲ್ಲ. ನನ್ನ ಜೊತೆ ಕೆಲಸ ಮಾಡುವ ಗೆಳತಿ ಬಂದು, ನನ್ನನ್ನು ಹೊರಗೆ ಕಳಿಸಿ, ಅತ್ತೆಗೆ ಎಲ್ಲವನ್ನೂ ಕನ್ನಡದಲ್ಲಿ ವಿವರಿಸಿ ಸಹಿ ಹಾಕಿಸಿಕೊಂಡಳು. ಹೊರಗೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು. "ಒಂದೇ ಒಂದು ಪ್ರಶ್ನೆ ಕೇಳಿದ್ರು ಕಣೇ," ಎಂದಳು. "ಬೇಯಿಸಿದ್ರಲ್ಲೇ ಹಾಕ್ತೀರಾ ತಾನೇ ಅಂತ."

ಕಾಲನ್ನು ಮಣ್ಣು ಮಾಡಿದ ದಿನ ನಾನೂ ರುದ್ರಭೂಮಿಗೆ ಹೋದೆ. ಹೆಂಗಸರು ಬರುವ ವಾಡಿಕೆಯಿಲ್ಲ ಎಂದು ನನ್ನ ಗಂಡನ ಚಿಕ್ಕಪ್ಪ ಫೋನಿನಲ್ಲಿ ಗೊಣಗಿದರು. ಸತ್ತವರು ಯಾರೂ ಇಲ್ಲವಲ್ಲ ಮಾವ ಎಂದು ಫೋನಿಟ್ಟೆ. ಮಾವನವರ ಸಮಾಧಿಯ ಪಕ್ಕದಲ್ಲಿ ಚಿಕ್ಕ ಗುಂಡಿ ತೋಡಿಸಿದ್ದರು. ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಗಂಟನ್ನು ನನ್ನ ಗಂಡ ಎರಡೂ ಕೈಯಲ್ಲಿ ಹಿಡಿದು ಇಳಿಸಿದರು. ಮೇಲೆ ವಿಭೂತಿ, ಒಂದು ಎಸಳು ಬಿಲ್ವಪತ್ರೆ. ಯಾವ ಮಂತ್ರ ಹೇಳಬೇಕೋ ತಿಳಿಯದೆ ಅವರು ನಮಃ ಶಿವಾಯ ಎಂದಷ್ಟೇ ಹೇಳಿ ಮಣ್ಣು ಎಳೆದರು. ಅಮ್ಮ ಮನೆಯಲ್ಲಿ ಬದುಕಿರುವಾಗ ಮಗ ಹೀಗೆ ಮಣ್ಣು ಹಾಕುವುದನ್ನು ನೋಡುವುದು ನನ್ನಿಂದ ಆಗಲಿಲ್ಲ. ಗೇಟಿನ ಹತ್ತಿರ ಹೋಗಿ ನಿಂತೆ.

ಅತ್ತೆ ಮನೆಗೆ ಬಂದರು. ವಾಕರ್ ಹಿಡಿದು ಕೋಣೆಯಿಂದ ದೇವರ ಮನೆಗೆ, ದೇವರ ಮನೆಯಿಂದ ನಡುಮನೆಗೆ ಓಡಾಡುವುದನ್ನು ಕಲಿತರು. ಕೆಂಪು ನೆಲದ ಮೇಲೆ ಅದರ ರಬ್ಬರು ಟಕ್ ಟಕ್ ಎನ್ನುತ್ತಿತ್ತು. ಸೋಮವಾರ ಬೆಳಿಗ್ಗೆ ಮಾತ್ರ ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ರಸ್ತೆ ನೋಡುತ್ತಾ ಕೂರುತ್ತಿದ್ದರು. ಕಾರಲ್ಲಿ ಗುಡಿಗೆ ಕರೆದುಕೊಂಡು ಹೋಗುತ್ತೇವೆ ಎಂದರೆ, "ನಡ್ಕೊಂಡು ಹೋಗೋದೇ ನಾನು ಮಾಡ್ತಿದ್ದಿದ್ದು, ಕಾರಲ್ಲಿ ಹೋಗಿ ಏನ್ ಮಾಡ್ಲಿ," ಎನ್ನುತ್ತಿದ್ದರು. ಲ್ಯಾಬಿನ ಸುದ್ದಿಯನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಲ್ಯಾಬಿನಲ್ಲಿ ಆ ಚರ್ಮದ ಚೂರಿಗೆ ಹೆಸರಿರಲಿಲ್ಲ, ನಂಬರು ಮಾತ್ರ. ಯಾರದೆಂದು ನನಗೆ ಗೊತ್ತಾಗಬಾರದು. ಆದರೆ ಆ ತಿಂಗಳು ಆ ಆಸ್ಪತ್ರೆಯಿಂದ ಬಂದದ್ದು ಅದೊಂದೇ. ಗೆಳತಿಯೇ ಅದನ್ನು ಬೆಳೆಸಿದಳು. ಪ್ಲಾಸ್ಟಿಕ್ಕಿನ ಮೇಲೆ ಆ ಕೋಶಗಳು ಹರಡಿಕೊಂಡು ಅಂಟಿ ಕೂತವು. ಗಟ್ಟಿ ಜೆಲ್ಲಿನಲ್ಲಿ ಮುದುಡಿಕೊಂಡವು. ಬಹಳ ದಿನ ಅವು ಏನೂ ಮಾಡಲಿಲ್ಲ. ಒಂದು ಮಧ್ಯಾಹ್ನ ಅವಳು ನನ್ನ ತೋಳು ಹಿಡಿದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿ, ಕಂಪ್ಯೂಟರಿನಲ್ಲಿ ಚಿತ್ರಗಳನ್ನು ಒಂದರ ಹಿಂದೆ ಒಂದು ಓಡಿಸಿದಳು. ಎಲ್ಲಕ್ಕಿಂತ ಮೆತ್ತಗಿನ ರೇಷ್ಮೆ ಜೆಲ್. ಅದರಲ್ಲಿ ಕೋಶವೊಂದು ಸಣ್ಣ ಕೈ ಚಾಚಿ, ಹಿಡಿದು ನೋಡಿ, ಬಿಟ್ಟು, ಮತ್ತೆ ಬೇರೆ ಕಡೆ ಹಿಡಿದು, ಹಿಂದಿನ ಮೈಯನ್ನು ಎಳೆದುಕೊಂಡಿತು. ಮಿಕ್ಕವರ ಕೋಶಗಳಿಗೆ ಹೋಲಿಸಿದರೆ ತೀರಾ ನಿಧಾನ. ಹೆಚ್ಚಿನವು ಹೊರಡಲೇ ಇಲ್ಲ. ಆದರೆ ಅದು ಹೊರಟಿತ್ತು. ನಾನು ಎಷ್ಟು ಹೊತ್ತು ನೋಡಿದೆನೋ, ಗೆಳತಿ ಹಿಂದೆ ನಿಂತೇ ಇದ್ದಳು.

ಅವತ್ತು ಮನೆಗೆ ಬಂದಾಗ ಅತ್ತೆ ನಡುಮನೆಯಲ್ಲಿ ಕುರ್ಚಿಯ ಮೇಲೆ ಕೂತು ಅವರೆಕಾಳು ಹಿಚುಕುತ್ತಿದ್ದರು. ಮತ್ತೆ ಚಳಿಗಾಲ ಬಂದಿತ್ತು. ನಾನು ಕೈಕಾಲು ತೊಳೆದು ಬಂದು ಪಕ್ಕದಲ್ಲಿ ಕೆಳಗೆ ಕೂತೆ. ನನ್ನ ಮುಖದಲ್ಲಿ ಏನು ಕಂಡರೋ.

"ನಡೀತಾವಾ?" ಎಂದರು.

ನಿಯಮದ ಪ್ರಕಾರ ನಾನು ಹೇಳಬಾರದು. ಹಾಳಾಗಿ ಹೋಗಲಿ ನಿಯಮ.

"ನಡೀತಾವೆ ಅತ್ತೆ. ಎಲ್ಲವೂ ಅಲ್ಲ. ನಿಧಾನ."

"ಬೇಯಿಸಿದ್ರಲ್ಲೇ ತಾನೇ?"

"ಬೇಯಿಸಿದ್ರಲ್ಲಿ. ಅದ್ರಲ್ಲೂ ತುಂಬಾ ಮೆತ್ತಗಿರೋದ್ರಲ್ಲಿ ಮಾತ್ರ."

ಅತ್ತೆ ತಲೆಯಾಡಿಸಿದರು. ಬೇಳೆ ಒಂದೊಂದೇ ಪಾತ್ರೆಗೆ ಬೀಳುತ್ತಿತ್ತು. ಸೀರೆಯ ನೆರಿಗೆಯ ಕೆಳಗೆ ಬಲಗಾಲು ಇರಬೇಕಾದ ಜಾಗವನ್ನು ಅವರು ಒಮ್ಮೆ ಕೈಯಿಂದ ಸವರಿದರು. ಆಮೇಲೆ ಕೇಳಿದರು. "ಎಲ್ಲಾ ಮುಗಿದ್ಮೇಲೆ ಅವನ್ನ ಏನ್ ಮಾಡ್ತೀರಾ?"

ಏನು ಮಾಡುತ್ತೇವೆಂದು ನನಗೆ ಚೆನ್ನಾಗಿ ಗೊತ್ತು. ಬ್ಲೀಚ್ ಸುರಿದು ಸಾಯಿಸಿ, ಕೆಂಪು ಚೀಲಕ್ಕೆ ಹಾಕಿ, ಕಸದ ಲಾರಿಯವರಿಗೆ ಕೊಡುತ್ತೇವೆ. ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ, ಯಾವತ್ತೂ ಎರಡನೇ ಸಲ ಯೋಚಿಸಿಲ್ಲ. ನಾನು ಬಗ್ಗಿ ಸಿಪ್ಪೆಯ ಗುಡ್ಡೆಯನ್ನು ಒಟ್ಟುಮಾಡತೊಡಗಿದೆ. ಅತ್ತೆಗೆ ಅರ್ಥವಾಯಿತು.

"ಬೇಡ," ಎಂದರು. "ಅದೂ ನನ್ ಕಾಲೇ ಅಲ್ವಾ. ಒಂದಿಷ್ಟು ಎತ್ತಿಡು. ನಾಳೆ ನನ್ನ ಮಣ್ಣು ಮಾಡೋವಾಗ ಜೊತೇಲಿ ಇಟ್ಬಿಡು."

"ಆಯ್ತು ಅತ್ತೆ," ಎಂದೆ. ಯಾರನ್ನು ಕೇಳಬೇಕು, ಯಾರು ಒಪ್ಪುತ್ತಾರೆ, ಯಾವುದೂ ಗೊತ್ತಿರಲಿಲ್ಲ.

"ಅಲ್ಲೀವರೆಗೂ ನಡೀಲಿ ಬಿಡು," ಎಂದು ಅತ್ತೆ ಕಾಳಿನ ಪಾತ್ರೆಯನ್ನು ನನ್ನ ಕಡೆ ಸರಿಸಿದರು.